ಲಕೋಟೆ, ಬಿಲ್ ಮತ್ತು ಬಸ್ ಟಿಕೆಟ್: ಗೌರವಧನದ ಒಂದು ಪ್ರಕರಣ

ಇದು ಒಂದು ಸಣ್ಣ ಸಂಘದಲ್ಲಿ ನಡೆದದ್ದು. ಸಂಘದ ಹೆಸರು, ಊರು, ಅದು ಕೆಲಸ ಮಾಡುವ ವಿಷಯ ಯಾವುದನ್ನೂ ಇಲ್ಲಿ ಹೇಳಿಲ್ಲ. ಯಾರ ಗುರುತೂ ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದೆ. ಸಮಿತಿ ತೆಗೆದುಕೊಂಡ ತೀರ್ಮಾನಗಳು ಮತ್ತು ಅವು ಒಂದರ ಹಿಂದೊಂದು ಬಂದ ರೀತಿ ಮಾತ್ರ ಇದ್ದ ಹಾಗೇ ಇವೆ. ನಾನು ಆ ಸಂಘದ ಸದಸ್ಯತ್ವ ಪಡೆದಿಲ್ಲ. ಲೆಕ್ಕಪತ್ರ ಮತ್ತು ನಿಯಮಾವಳಿ ವಿಚಾರದಲ್ಲಿ ಸಲಹೆ ಕೊಡಲು ಅವರ ಸಭೆಗಳಲ್ಲಿ ಕೂರುತ್ತಿದ್ದೆ.

ಹಿನ್ನೆಲೆ

ಸಂಘದಲ್ಲಿ ಸಂಬಳಕ್ಕೆ ಇರುವವರು ಒಬ್ಬರೂ ಇಲ್ಲ. ಸದಸ್ಯರ ಚಂದಾ, ಒಂದಿಷ್ಟು ದೇಣಿಗೆ, ಇಷ್ಟೇ ಆದಾಯ. ತಿಂಗಳಿಗೊಂದು ಉಪನ್ಯಾಸ, ವರ್ಷಕ್ಕೊಮ್ಮೆ ಎರಡು ದಿನದ ಸಮ್ಮೇಳನ. ಮಾತು ಮುಗಿಸಿ ಭಾಷಣಕಾರರು ಹೊರಡುವ ಹೊತ್ತಿಗೆ ಅವರ ಕೈಗೊಂದು ಲಕೋಟೆ ಕೊಡುವುದು ಮೊದಲಿನಿಂದ ಬಂದ ರೂಢಿ. ಅದರಲ್ಲಿ ಎಷ್ಟಿರಬೇಕು ಎಂದು ಹಿಂದಿನ ಸಂಜೆ ಕಾರ್ಯದರ್ಶಿ ಮತ್ತು ಖಜಾಂಚಿ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಹೆಸರಾಂತರಾದರೆ ಸ್ವಲ್ಪ ಜಾಸ್ತಿ, ಹೊಸಬರಾದರೆ ಸ್ವಲ್ಪ ಕಡಿಮೆ. ಆ ವರ್ಷದ ಖಾತೆಯಲ್ಲಿ ದುಡ್ಡು ಕಡಿಮೆಯಿದ್ದರೆ ಎಲ್ಲರಿಗೂ ಕಡಿಮೆ.

ಕರೆಯುವಾಗ ದುಡ್ಡಿನ ಮಾತು ಎತ್ತುತ್ತಲೇ ಇರಲಿಲ್ಲ. ಎತ್ತಿದರೆ ಬಂದವರಿಗೆ ಅವಮಾನ ಮಾಡಿದಂತೆ ಎಂದು ಕಾರ್ಯದರ್ಶಿ ನಿಜವಾಗಿಯೂ ನಂಬಿದ್ದರು. ಅವರು ಒಳ್ಳೆಯ ಮನುಷ್ಯ. ಯಾರನ್ನೂ ಬರಿಗೈಲಿ ಕಳಿಸಬಾರದು ಎಂಬ ಕಾಳಜಿಯಿಂದಲೇ ಈ ರೂಢಿ ನಡೆದುಕೊಂಡು ಬಂದಿತ್ತು.

ಈ ಸಂಕೋಚ ತುಂಬಾ ಹಳೆಯದು. ಪ್ರಾಚೀನ ರೋಮ್‌ನಲ್ಲಿ ಕ್ರಿ.ಪೂ. 204ರ ಕಾನೂನೊಂದು ವಕೀಲಿ ಮಾಡುವವರು ಕಕ್ಷಿದಾರರಿಂದ ದುಡ್ಡಾಗಲಿ ಉಡುಗೊರೆಯಾಗಲಿ ಪಡೆಯಬಾರದು ಎಂದಿತ್ತು. ದೊಡ್ಡವರು ಕೂಲಿಗೆ ಮಾತಾಡುವುದಿಲ್ಲ ಎಂಬ ಭಾವನೆ ಅದು. ಆದರೂ ದುಡ್ಡು ಕೈ ಬದಲಾಗುತ್ತಲೇ ಇತ್ತು. ಕೊನೆಗೆ ಕ್ರಿ.ಶ. 47ರಲ್ಲಿ ಚಕ್ರವರ್ತಿ ಕ್ಲಾಡಿಯಸ್ 10,000 ಸೆಸ್ಟರ್ಸ್‌ (ರೋಮ್‌ನ ನಾಣ್ಯ) ವರೆಗೆ ತೆಗೆದುಕೊಳ್ಳಬಹುದು, ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಅಪರಾಧ ಎಂದು ಮಿತಿ ಹಾಕಿದ. ಇಂಗ್ಲೆಂಡಿನಲ್ಲೂ ಬ್ಯಾರಿಸ್ಟರ್‌ಗಳು ಬಾಕಿ ಫೀಸಿಗಾಗಿ ದಾವೆ ಹೂಡುವಂತಿರಲಿಲ್ಲ. ಅವರಿಗೆ ಸಲ್ಲುವುದು ಕೂಲಿ ಅಲ್ಲ, ಮರ್ಯಾದೆಗೆ ಕೊಟ್ಟ ಕಾಣಿಕೆ ಎಂಬ ಲೆಕ್ಕ. 1990ರ ಕಾಯ್ದೆ ಬಂದ ಮೇಲಷ್ಟೇ ಅವರು ಕರಾರು ಮಾಡಿಕೊಳ್ಳಲು ಇದ್ದ ಅಡ್ಡಿ ಹೋಯಿತು. ಕಾಣಿಕೆ ಎಂದ ಮೇಲೆ ಪಡೆಯುವವರು ಎಷ್ಟು, ಯಾವಾಗ ಎಂದು ಕೇಳುವಂತಿಲ್ಲ. ನಮ್ಮ ಪ್ರಕರಣದ ಗಂಟು ಇದ್ದದ್ದೂ ಇಲ್ಲೇ.

ತಕರಾರು ಎದ್ದದ್ದು

ಒಂದು ವರ್ಷದ ಸಮ್ಮೇಳನಕ್ಕೆ ಬಂದವರಲ್ಲಿ ಮೂವರು ಈ ಪ್ರಕರಣಕ್ಕೆ ಮುಖ್ಯ.

ಮೊದಲನೆಯವರು ಹಿರಿಯ ಪ್ರಾಧ್ಯಾಪಕರು. ಅದೇ ಊರಿನವರು, ಸಂಬಳದ ಕೆಲಸದಲ್ಲಿದ್ದವರು. ಉದ್ಘಾಟನಾ ಭಾಷಣ ಅವರದು, ಎಲ್ಲರಿಗಿಂತ ದಪ್ಪ ಲಕೋಟೆಯೂ ಅವರದೇ.

ಎರಡನೆಯವರು ಯುವ ಸಂಶೋಧಕಿ. ಖಾಯಂ ಕೆಲಸ ಇರಲಿಲ್ಲ, ದಿನಗೂಲಿಯಂತೆ ಸಿಗುವ ಪಾಠ ಮತ್ತು ಬರವಣಿಗೆಯಲ್ಲಿ ಜೀವನ. ರಾತ್ರಿಯಿಡೀ ಬಸ್ಸಿನಲ್ಲಿ ಪ್ರಯಾಣ ಮಾಡಿ ಬಂದಿದ್ದರು. ಟಿಕೆಟ್ ಅವರದೇ ದುಡ್ಡಿನದು. ವಾಪಸ್ ಹೋಗುವ ಬಸ್ಸಿನಲ್ಲಿ ಲಕೋಟೆ ತೆರೆದರೆ ಅದರಲ್ಲಿದ್ದದ್ದು ಬಸ್ ಖರ್ಚಿಗಿಂತ ಕಡಿಮೆ. ಎರಡು ದಿನದ ದುಡಿಮೆ ಹೋದದ್ದು ಬೇರೆ. ಅವರು ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ವರ್ಷ ಕರೆದಾಗ "ಬಿಡುವಿಲ್ಲ" ಎಂದರು, ಅಷ್ಟೇ.

ಮೂರನೆಯವರು ಸಂಜ್ಞಾ ಭಾಷೆಯ ದುಭಾಷಿ. ಕಿವಿ ಕೇಳದ ಕೆಲವು ಸದಸ್ಯರಿಗಾಗಿ ಅವರನ್ನು ಮೊದಲ ಸಲ ಕರೆಸಿದ್ದರು. ಕರೆದದ್ದು ಫೋನಿನಲ್ಲಿ. "ಎರಡು ದಿನ ನಮಗೆ ಸಹಾಯ ಮಾಡ್ತೀರಾ ಮೇಡಂ?" ಎಂದು ಕೇಳಿದ್ದಕ್ಕೆ ಅವರು ಒಪ್ಪಿದ್ದರು. ಕೊನೆಯ ದಿನ ಅವರಿಗೂ ಲಕೋಟೆ ಸಿಕ್ಕಿತು. ಅವರು ಅದನ್ನು ಅಲ್ಲೇ ತೆರೆದು ನೋಡಿದರು, ಮರಳಿ ಖಜಾಂಚಿಯ ಕೈಗಿಟ್ಟು "ಬಿಲ್ ಕಳಿಸ್ತೀನಿ" ಎಂದರು. ಮೂರು ದಿನದ ನಂತರ ಬಿಲ್ ಬಂತು. ಮೊತ್ತ ಲಕೋಟೆಯಲ್ಲಿದ್ದದ್ದರ ಆರು ಪಟ್ಟು.

ಸಮಿತಿಯಲ್ಲಿ ಬಿಸಿ ಏರಿತು. "ಗೌರವಿಸಿ ಕೊಟ್ಟದ್ದನ್ನು ವಾಪಸ್ ಮಾಡೋದಾ?" ಎಂದು ಒಬ್ಬರು. "ಇಷ್ಟು ಅಂತ ಮೊದಲೇ ಹೇಳಬೇಕಿತ್ತು ಅವರು" ಎಂದು ಇನ್ನೊಬ್ಬರು. ಆ ಎರಡನೆಯ ಮಾತಿನಲ್ಲಿ ಅರ್ಧ ನ್ಯಾಯ ಇತ್ತು. ಮೊದಲೇ ಹೇಳಬೇಕಿದ್ದವರು ಎರಡೂ ಕಡೆ ಇದ್ದರು. ಆದರೆ ಕರೆದವರು ಸಂಘದವರು, ಹಾಗಾಗಿ ಮಾತು ತೆಗೆಯುವ ಹೊಣೆ ಅವರದೇ ಎಂಬುದು ನನ್ನ ಅಭಿಪ್ರಾಯ.

ಬಿಲ್ಲಿನಲ್ಲಿ ಏನಿತ್ತು

ಆ ಬಿಲ್ಲನ್ನು ನಾನು ಸಾಲುಸಾಲಾಗಿ ಓದಿದೆ. ಇಡೀ ಪ್ರಕರಣದಲ್ಲಿ ಕಲಿಯಲು ಸಿಕ್ಕ ಅತ್ಯುತ್ತಮ ಕಾಗದ ಅದು.

ಮೊದಲ ಸಾಲು, ತಯಾರಿಯ ಗಂಟೆಗಳು. ಭಾಷಣಕಾರರ ಸ್ಲೈಡುಗಳನ್ನು ಮುಂಚೆಯೇ ತರಿಸಿಕೊಂಡು ಓದಿದ್ದರು. ವಿಷಯದ ವಿಶೇಷ ಪದಗಳಿಗೆ ಯಾವ ಸಂಜ್ಞೆ ಬಳಸಬೇಕೆಂದು ಕಿವಿ ಕೇಳದ ಆ ಸದಸ್ಯರೊಂದಿಗೇ ವಿಡಿಯೊ ಕರೆಯಲ್ಲಿ ಕೂತು ಗೊತ್ತು ಮಾಡಿಕೊಂಡಿದ್ದರು. ಎರಡನೆಯ ಸಾಲು, ಎರಡು ದಿನ ಸಭೆಯಲ್ಲಿ ಮಾಡಿದ ಕೆಲಸ. ಮೂರನೆಯ ಸಾಲು ಸಮಿತಿಯನ್ನು ಸುಮ್ಮನಾಗಿಸಿತು: "ಎರಡನೆಯ ದುಭಾಷಿಯ ಸಂಭಾವನೆ, ನಾನು ಪಾವತಿಸಿದ್ದು."

ಎರಡೂ ದಿನ ಅವರ ಜೊತೆ ಇನ್ನೊಬ್ಬರು ಇದ್ದರು. ಸರದಿಯಲ್ಲಿ ವೇದಿಕೆಯ ಪಕ್ಕ ನಿಲ್ಲುತ್ತಿದ್ದರು. ಅವರನ್ನು ಗೆಳತಿ, ಸುಮ್ನೆ ಜೊತೆಗೆ ಬಂದವರು ಎಂದೇ ಸಮಿತಿಯವರು ತಿಳಿದಿದ್ದರು. ಭಾಷಣವನ್ನು ಕೇಳುತ್ತಲೇ ಅದೇ ಹೊತ್ತಿಗೆ ಇನ್ನೊಂದು ಭಾಷೆಗೆ ದಾಟಿಸುವುದು ಮೆದುಳಿಗೆ ಭಾರೀ ಆಯಾಸದ ಕೆಲಸ. ಹೊತ್ತು ಹೆಚ್ಚಾದಂತೆ ತಪ್ಪುಗಳು ಜಾಸ್ತಿಯಾಗುತ್ತವೆ. ಅದಕ್ಕೇ ದೀರ್ಘ ಕಾರ್ಯಕ್ರಮಗಳಿಗೆ ಇಬ್ಬರು ಬರುತ್ತಾರೆ, 20 ನಿಮಿಷಕ್ಕೋ ಅರ್ಧ ಗಂಟೆಗೋ ಬದಲಾಗುತ್ತಾರೆ. ಕೈ ಆಡಿಸದೆ ಕೂತಿರುವಾಗಲೂ ಎರಡನೆಯವರು ತಪ್ಪಿಹೋದ ಹೆಸರು, ಅಂಕಿ ಎತ್ತಿಕೊಡುತ್ತಿರುತ್ತಾರೆ. ಇದು ಆ ವೃತ್ತಿಯ ರೀತಿ. ಸಂಘದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಅಂದರೆ ಬಿಲ್ ಕಳಿಸಿದ ಆ ಹೆಣ್ಣುಮಗಳು ಸಂಘದ ಸಮ್ಮೇಳನಕ್ಕೆ ತಮ್ಮ ಜೇಬಿನಿಂದ ದುಡ್ಡು ಹಾಕಿದ್ದರು.

ಪ್ರಕರಣದ ಮೊದಲ ತಿರುವು ಇದು. ಅರ್ಧ ಕೊಟ್ಟು ರಾಜಿ ಮಾಡಿಕೊಳ್ಳೋಣ ಎಂಬ ಮಾತು ಬಂದಾಗ ಖಜಾಂಚಿ ಒಪ್ಪಲಿಲ್ಲ. "ಕೆಲಸ ಮಾಡಿಸಿಕೊಂಡಿದ್ದೀವಿ. ಚೌಕಾಸಿ ಮಾಡೋದಿದ್ದರೆ ಮೊದಲು ಮಾಡಬೇಕಿತ್ತು" ಎಂದರು. ಮೀಸಲು ನಿಧಿಯಿಂದ ಪೂರ್ತಿ ಹಣ ಕೊಟ್ಟರು. ಆ ವರ್ಷ ಒಂದು ಮಾಸಿಕ ಉಪನ್ಯಾಸ ರದ್ದಾಯಿತು. ಆ ತೀರ್ಮಾನ ಸರಿ ಎಂದು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಮೊದಲು ಮಾಡಿ ನೋಡಿದ್ದು

ಇಂಥದ್ದು ಮತ್ತೆ ಆಗಬಾರದೆಂದು ಸಮಿತಿ ಒಂದು ನಿಯಮ ಮಾಡಿತು. ಭಾಷಣಕಾರರು, ದುಭಾಷಿಗಳು, ಸ್ಮರಣ ಸಂಚಿಕೆ ತಿದ್ದಿಕೊಡುವವರು, ಎಲ್ಲರಿಗೂ ಒಂದೇ ಮೊತ್ತದ ಗೌರವಧನ. ಕೇಳಲು ನ್ಯಾಯವಾಗಿದೆ ಅಲ್ವಾ? ಆದರೆ ಅದೇ ಬೀದಿಯಿಂದ ನಡೆದು ಬಂದವರಿಗೂ ರಾತ್ರಿಯಿಡೀ ಪ್ರಯಾಣ ಮಾಡಿದವರಿಗೂ ಅಷ್ಟೇ ಸಿಕ್ಕಿತು. ಒಂದು ಗಂಟೆ ಮಾತಾಡಿದವರಿಗೂ ಮುನ್ನೂರು ಪುಟ ತಿದ್ದಿದವರಿಗೂ ಅಷ್ಟೇ. ಸಂಚಿಕೆ ತಿದ್ದುತ್ತಿದ್ದವರು ಮರ್ಯಾದೆಯಿಂದಲೇ ಆ ಕೆಲಸ ಬಿಟ್ಟರು.

ಆಮೇಲೆ ಇನ್ನೊಂದು ದಾರಿ ಹಿಡಿದರು. ಕರೆಯುವಾಗಲೇ "ನೀವು ಎಷ್ಟು ನಿರೀಕ್ಷಿಸುತ್ತೀರಿ?" ಎಂದು ಕೇಳುವುದು. ಮುಚ್ಚುಮರೆ ಹೋಯಿತಲ್ಲ ಎಂದು ಕಾರ್ಯದರ್ಶಿಗೆ ಸಮಾಧಾನವಾಯಿತು. ನನಗೆ ಆಗಲೇ ಅನುಮಾನ ಇತ್ತು. ಪಳಗಿದವರು ತಮ್ಮ ದರ ಹೇಳಿದರು. ಹೊಸಬರು, ನಿಜವಾಗಿ ದುಡ್ಡು ಬೇಕಾಗಿದ್ದವರು, "ನಿಮ್ಮ ಇಷ್ಟ, ಎಷ್ಟಾದರೂ ಸರಿ" ಎಂದರು. ಜಾಸ್ತಿ ಕೇಳಿದರೆ ಅವಕಾಶ ತಪ್ಪೀತು ಎಂಬ ಭಯ ಅವರಿಗೆ. ಕೊನೆಗೆ ಲಕೋಟೆಯ ಕಾಲಕ್ಕಿಂತ ಅಂತರ ಇನ್ನೂ ಜಾಸ್ತಿಯಾಯಿತು. ಯಾರ ಕೈಯಲ್ಲಿ ಬಜೆಟ್ ಇದೆಯೋ ಅವರು ಮೊದಲು ಅಂಕಿ ಹೇಳಬೇಕು. ಕರೆಸಿಕೊಂಡವರ ಬಾಯಿಂದ ಹೇಳಿಸುವುದು ಹೊಣೆ ಜಾರಿಸಿದಂತೆ.

ಎರಡನೆಯ ತಿರುವು

ಖಜಾಂಚಿ ಒಂದು ಸಂಜೆ ಆ ಯುವ ಸಂಶೋಧಕಿಗೆ ಫೋನ್ ಮಾಡಿದರು. ಸಂಘಕ್ಕಾಗಿ ಅಲ್ಲ, ತಾನೇ ತಿಳಿಯಬೇಕೆಂದು ಕೇಳುತ್ತಿದ್ದೇನೆ ಎಂದು ಮೊದಲೇ ಹೇಳಿದರು. ಬಸ್ ಟಿಕೆಟ್ಟಿನ ವಿಷಯ ಹೊರಬಂದದ್ದು ಆಗ. "ಸರ್, ಕಡಿಮೆ ಅಂತ ಬೇಸರ ಇಲ್ಲ. ಇಷ್ಟೇ ಅಂತ ಮೊದಲೇ ಗೊತ್ತಿದ್ದಿದ್ರೆ ಆನ್‌ಲೈನ್‌ನಲ್ಲಿ ಮಾತಾಡ್ತಿದ್ದೆ, ಇಲ್ಲ ಬರಲ್ಲ ಅಂತಿದ್ದೆ. ಲೆಕ್ಕ ಹಾಕೋಕೆ ನನಗೆ ಅವಕಾಶ ಸಿಗಲಿಲ್ಲ" ಎಂದರಂತೆ ಅವರು.

ಖಜಾಂಚಿ ಇದನ್ನು ಮುಂದಿನ ಸಭೆಯಲ್ಲಿ ಅವರ ಹೆಸರು ಹೇಳದೆ ಓದಿದರು. ಅಲ್ಲಿಂದ ಚರ್ಚೆಯ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ ಎಲ್ಲರೂ ಕಿತ್ತಾಡುತ್ತಿದ್ದದ್ದು "ಎಷ್ಟು ಕೊಡಬೇಕು" ಎಂಬುದರ ಮೇಲೆ. ಬಜೆಟ್ ಸಣ್ಣದು, ಆ ಪ್ರಶ್ನೆಗೆ ಉತ್ತರ ಯಾವಾಗಲೂ ಬೇಸರದ್ದೇ. "ಯಾವಾಗ ಹೇಳಬೇಕು", "ಯಾವುದಕ್ಕೆ ಕೊಡುತ್ತಿದ್ದೇವೆ" ಎಂಬ ಪ್ರಶ್ನೆಗಳಿಗೆ ದುಡ್ಡು ಬೇಕಿಲ್ಲ.

ಹಣವನ್ನು ಮೂರು ಭಾಗ ಮಾಡಿದರು. ಖರ್ಚು ಮೊದಲ ಭಾಗ. ಪ್ರಯಾಣ, ವಸತಿ ಸಂಘದ್ದೇ, ಟಿಕೆಟ್ ಸಂಘವೇ ತೆಗೆಯುತ್ತದೆ. ಮೊದಲು ಕೈಯಿಂದ ಹಾಕಿ ಆಮೇಲೆ ರಸೀದಿ ಕೊಡಿ ಎನ್ನುವುದು ಕೈಯಲ್ಲಿ ದುಡ್ಡಿಲ್ಲದವರಿಗೆ ಕಷ್ಟ ಎಂದು ಇದಕ್ಕೆ ಖಜಾಂಚಿಯೇ ಪಟ್ಟು ಹಿಡಿದರು. ಎರಡನೆಯದು ಗೌರವಧನ. ಭಾಷಣ ಮಾಡುವವರಿಗೆ ಮಾತ್ರ, ಹಿರಿಯರು ಕಿರಿಯರು ಎನ್ನದೆ ಒಂದೇ ಮೊತ್ತ. ಮೂರನೆಯದು ವೃತ್ತಿಯ ಕೆಲಸ. ದುಭಾಷಿ, ಸಂಪಾದಕರು, ಧ್ವನಿಮುದ್ರಣ ಮಾಡುವವರಿಂದ ಮೊದಲೇ ದರಪಟ್ಟಿ ತರಿಸಿ, ಒಪ್ಪಿ, ಬಿಲ್ಲಿನ ಮೇಲೆ ಕೊಡುವುದು. ದುಡ್ಡು ಸಾಲದಿದ್ದರೆ ಕೆಲಸವನ್ನೇ ಕಡಿಮೆ ಮಾಡುವುದು. ದರ ತಗ್ಗಿಸಲು "ಸೇವೆ ಅಂತ ತಿಳ್ಕೊಳ್ಳಿ" ಎನ್ನಬಾರದು ಎಂದೂ ನಡಾವಳಿಯಲ್ಲಿ ಬರೆದರು.

ಆಹ್ವಾನ ಪತ್ರದಲ್ಲಿ ಹೊಸದಾಗಿ ಸೇರಿದ ಭಾಗ ಹೀಗಿದೆ:

"ತಾವು 45 ನಿಮಿಷ ಮಾತಾಡಿ, 15 ನಿಮಿಷ ಪ್ರಶ್ನೆಗಳಿಗೆ ಉತ್ತರಿಸಬೇಕೆಂದು ಕೋರುತ್ತೇವೆ. ಗೌರವಧನದ ಮೊತ್ತ ಕೆಳಗಿದೆ, ಎಲ್ಲ ಭಾಷಣಕಾರರಿಗೂ ಅಷ್ಟೇ. ನಿಮ್ಮ ಸಮಯಕ್ಕೆ ಇದು ಸಮವಲ್ಲ ಎಂದು ನಮಗೆ ಗೊತ್ತು, ನಮ್ಮಿಂದ ಆಗುವುದು ಇಷ್ಟು. ಪ್ರಯಾಣ ಮತ್ತು ವಸತಿ ಇದರಲ್ಲಿ ಸೇರಿಲ್ಲ, ಅದನ್ನು ನಾವೇ ನೋಡಿಕೊಳ್ಳುತ್ತೇವೆ. ಕಾರ್ಯಕ್ರಮದ ನಂತರ 10 ದಿನದೊಳಗೆ ಹಣ ನಿಮ್ಮ ಖಾತೆಗೆ ಬರುತ್ತದೆ. ತೆರಿಗೆ ಕಡಿತ ಇದ್ದರೆ ಮೊದಲೇ ತಿಳಿಸುತ್ತೇವೆ. ಗೌರವಧನ ಬೇಡವಾದರೆ ಈ ಪತ್ರಕ್ಕೆ ಉತ್ತರಿಸುವಾಗಲೇ ತಿಳಿಸಿ."

ಆಮೇಲೆ ಆದದ್ದು

ಒಬ್ಬ ಪ್ರಸಿದ್ಧ ವಾಗ್ಮಿ ಈ ಮೊತ್ತಕ್ಕೆ ಬರುವುದಿಲ್ಲ ಎಂದು ಎರಡೇ ಸಾಲಿನ ಉತ್ತರ ಬರೆದರು. ಸಮಿತಿಗೆ ನಿರಾಸೆ ಆಯಿತು. ನನಗೆ ಅದು ಒಳ್ಳೆಯ ಉತ್ತರ ಅನಿಸಿತು. ಅವರು ಬಂದು, ಲಕೋಟೆ ನೋಡಿ, ಮನಸ್ಸಿನಲ್ಲೇ ಬೈದುಕೊಂಡು ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಇನ್ನು ಕೆಲವರು ಮೊತ್ತ ನೋಡಿಯೂ ಖುಷಿಯಿಂದ ಬಂದರು. ಆ ಯುವ ಸಂಶೋಧಕಿಯೂ ಬಂದರು, ಈ ಸಲ ಸಂಘ ತೆಗೆದ ಟಿಕೆಟ್ಟಿನಲ್ಲಿ. ವರ್ಷದ ಉಪನ್ಯಾಸಗಳ ಸಂಖ್ಯೆ ಸ್ವಲ್ಪ ಇಳಿಯಿತು. ದುಭಾಷಿಯ ಜೊತೆ ವರ್ಷದ ಒಪ್ಪಂದ ಆಯಿತು.

ಗೌರವಧನ ಬೇಡ ಎಂದವರ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬರು ಭಾಷಣದ ನಂತರ "ಆ ಹಣವನ್ನು ಇಂಥ ಸಂಸ್ಥೆಗೆ ಕೊಟ್ಟುಬಿಡಿ" ಎಂದರು. ಒಳ್ಳೆಯ ಮನಸ್ಸು. ಆದರೆ ತೆರಿಗೆಯ ದೃಷ್ಟಿಯಲ್ಲಿ ಬೇಡ ಎನ್ನುವುದು ಬೇರೆ, ಇಂಥವರಿಗೆ ಕೊಡಿ ಎನ್ನುವುದು ಬೇರೆ. ಅಮೆರಿಕದಲ್ಲಿ ಸುಮ್ಮನೆ ನಿರಾಕರಿಸಿದರೆ ಅದು ಆದಾಯವಾಗುವುದಿಲ್ಲ. ಎಲ್ಲಿಗೆ ಹೋಗಬೇಕೆಂದು ತಾವೇ ಹೇಳಿದರೆ, ಸಾಮಾನ್ಯವಾಗಿ ಅದು ಮೊದಲು ಅವರ ಆದಾಯ, ಆಮೇಲೆ ಅವರು ಕೊಟ್ಟ ದಾನ. ಕೈಗೇ ಬಾರದ ದುಡ್ಡಿಗೆ ಲೆಕ್ಕ ಕೊಡುವ ಪರಿಸ್ಥಿತಿ ಅವರಿಗೆ. ಪತ್ರದಲ್ಲಿ "ಉತ್ತರಿಸುವಾಗಲೇ ತಿಳಿಸಿ" ಎಂದು ಸೇರಿಸಿದ್ದು ಇದಕ್ಕೇ. ಗೌರವಧನ ಅಂದರೆ ಕಾಣಿಕೆ, ಅದಕ್ಕೆ ತೆರಿಗೆ ಇಲ್ಲ ಎಂದು ನಂಬಿದವರು ತುಂಬಾ ಜನ. ಮಾಡಿದ ಕೆಲಸಕ್ಕೆ ಸಿಕ್ಕಿದ್ದನ್ನು ತೆರಿಗೆಯವರು ಸಾಮಾನ್ಯವಾಗಿ ಆದಾಯ ಎಂದೇ ನೋಡುತ್ತಾರೆ, ಮೊತ್ತ ಚಿಕ್ಕದಿದ್ದರೂ ಸರಿ. ಲಕೋಟೆಯ ಕಾಲದಲ್ಲಿ ಸಂಘದ ಬಳಿ ಒಂದು ವೋಚರ್ ಕೂಡ ಇರಲಿಲ್ಲ. ಲೆಕ್ಕ ಪರಿಶೋಧನೆಯಲ್ಲಿ ಅದೊಂದೇ ವಿಷಯಕ್ಕೆ ಪುಟಗಟ್ಟಲೆ ಪ್ರಶ್ನೆ ಬರುತ್ತಿದ್ದವು.

ಸರ್ಕಾರಿ ಅಧಿಕಾರಿಯೊಬ್ಬರನ್ನು ಕರೆದಾಗ ಇನ್ನೊಂದು ಪಾಠ ಸಿಕ್ಕಿತು. ಅವರು ತಮ್ಮ ಇಲಾಖೆಯ ಅನುಮತಿ ಇಲ್ಲದೆ ಹಣ ಮುಟ್ಟುವಂತಿರಲಿಲ್ಲ. ಭಾಷಣದ ಹೆಸರಲ್ಲಿ ಅಧಿಕಾರದಲ್ಲಿರುವವರಿಗೆ ದುಡ್ಡು ದಾಟಿಸುವುದು ಬಹಳ ಸುಲಭ, ಅದಕ್ಕೇ ಈ ಕಟ್ಟುನಿಟ್ಟು. ಅಮೆರಿಕದಲ್ಲಿ 1989ರ ಕಾಯ್ದೆಯೊಂದು ಸಂಸದರಿಗೂ ಕೇಂದ್ರ ಸರ್ಕಾರದ ನೌಕರರಿಗೂ ಭಾಷಣ, ಲೇಖನಕ್ಕೆ ಗೌರವಧನ ಪಡೆಯುವುದನ್ನೇ ನಿಷೇಧಿಸಿತು. ಮಾಮೂಲಿ ನೌಕರರ ಮಟ್ಟಿಗೆ ಅದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಎರಡೂ ಕಡೆ ಕಾಳಜಿ ನಿಜವಾದದ್ದೇ. ನಮ್ಮ ಸಂಘದ ಮಟ್ಟಿಗೆ, ಎಲ್ಲರಿಗೂ ಒಂದೇ ಮೊತ್ತ ಎಂಬ ನಿಯಮ ಆ ಅಧಿಕಾರಿಯನ್ನು ಕಾಪಾಡಿತು. ಅವರು ಅನುಮತಿಗೆ ಬರೆದ ಅರ್ಜಿಗೆ ನಮ್ಮ ಆಹ್ವಾನ ಪತ್ರವನ್ನೇ ಲಗತ್ತಿಸಿದರು.

ಹೊರದೇಶದ ಭಾಷಣಕಾರರ ವಿಚಾರ ಬಂದಾಗ ವೀಸಾ ನೋಡದೆ ಮೊತ್ತ ಹೇಳಬೇಡಿ ಎಂದೆ. ಉದಾಹರಣೆಗೆ, ಅಮೆರಿಕಕ್ಕೆ ಭೇಟಿ ವೀಸಾದ ಮೇಲೆ ಹೋದವರು ವಿಶ್ವವಿದ್ಯಾಲಯದಂಥ ಕೆಲವು ಬಗೆಯ ಸಂಸ್ಥೆಗಳಿಂದ ಮಾತ್ರ ಗೌರವಧನ ಪಡೆಯಬಹುದು. ಅದೂ ಒಂದು ಕಡೆ 9 ದಿನದೊಳಗಿನ ಕೆಲಸಕ್ಕೆ, 6 ತಿಂಗಳಲ್ಲಿ 5 ಸಂಸ್ಥೆಗಳವರೆಗೆ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಲಕೋಟೆ ಅತಿಥಿಯ ಮುಂದಿನ ವೀಸಾಕ್ಕೇ ಮುಳುವಾಗಬಾರದು.

ಈ ನಡುವೆ ಕಾರ್ಯದರ್ಶಿಗೂ ತಿಂಗಳಿಗಿಷ್ಟು ಗೌರವಧನ ಕೊಡೋಣ ಎಂಬ ಪ್ರಸ್ತಾವ ಬಂತು. ವರ್ಷಗಟ್ಟಲೆ ಬಿಟ್ಟಿ ದುಡಿದವರು, ಯಾರಿಗೂ ಬೇಡ ಅನ್ನಲು ಮನಸ್ಸಿರಲಿಲ್ಲ. ಆದರೆ ತಿಂಗಳು ತಿಂಗಳು ತಪ್ಪದೆ ಬರುವ ಹಣ ಸಂಬಳದ ರೂಪ ತಾಳುತ್ತದೆ. ಆಗ, ಕೆಲಸದಲ್ಲಿ ಆದ ತಪ್ಪಿಗೆ ದಾವೆ ಬೀಳದಂತೆ ಸ್ವಯಂಸೇವಕರಿಗೆ ಕಾನೂನು ಕೊಡುವ ರಕ್ಷಣೆ ಹೋಗಬಹುದು. ಅಮೆರಿಕದ 1997ರ ಸ್ವಯಂಸೇವಕರ ರಕ್ಷಣಾ ಕಾಯ್ದೆಯಲ್ಲಿ ಖರ್ಚು ಬಿಟ್ಟು ವರ್ಷಕ್ಕೆ 500 ಡಾಲರ್‌ಗಿಂತ ಜಾಸ್ತಿ ಪಡೆದವರು ಸ್ವಯಂಸೇವಕರ ಲೆಕ್ಕಕ್ಕೇ ಬರುವುದಿಲ್ಲ. ಚರ್ಚೆಯ ನಂತರ ಅವರ ಫೋನ್ ಮತ್ತು ಓಡಾಟದ ಖರ್ಚನ್ನು ರಸೀದಿಯ ಮೇಲೆ ಕೊಡುವುದೆಂದು ಆಯಿತು. ಅದನ್ನೂ ಇಷ್ಟು ವರ್ಷ ಅವರು ತಾವೇ ಹಾಕಿಕೊಳ್ಳುತ್ತಿದ್ದರು ಎಂದು ಗೊತ್ತಾದದ್ದು ಆಗಲೇ.

ಇನ್ನೂ ಇತ್ಯರ್ಥವಾಗದ್ದು

ಉಳಿದಿರುವುದು ವಿಡಿಯೊ ವಿಚಾರ. ಗೌರವಧನ ಕೊಟ್ಟದ್ದು ಒಂದು ಸಂಜೆಯ ಮಾತಿಗೆ, ಎದುರಿಗೆ ಕೂತ ಕೆಲವೇ ಜನಕ್ಕೆ. ಅದನ್ನು ರೆಕಾರ್ಡ್ ಮಾಡಿ ಅಂತರ್ಜಾಲಕ್ಕೆ ಹಾಕಿದರೆ ವರ್ಷಗಟ್ಟಲೆ ಓಡುತ್ತದೆ. ಅದೇ ಭಾಷಣವನ್ನು ಇನ್ನೊಂದು ಕಡೆ ಮಾಡಿ ಒಂದಿಷ್ಟು ಸಂಪಾದಿಸುವ ದಾರಿ ಆ ಭಾಷಣಕಾರರಿಗೆ ಮುಚ್ಚಬಹುದು. ಸಮಿತಿಯಲ್ಲಿ ಕೆಲವರು ಒಂದೇ ಗೌರವಧನದಲ್ಲಿ ಅದೂ ಸೇರಲಿ ಎನ್ನುತ್ತಿದ್ದಾರೆ. ಪತ್ರದಲ್ಲಿ ವಿಡಿಯೊಗೆ ಬೇರೆಯೇ ಒಪ್ಪಿಗೆ ಕೇಳಬೇಕು, ಬೇಡ ಎಂದವರ ಗೌರವಧನ ಒಂದು ಪೈಸೆಯೂ ಕಡಿಮೆ ಆಗಬಾರದು ಎಂಬುದು ನನ್ನ ವಾದ. ಖಜಾಂಚಿ ನನ್ನ ಕಡೆ ಇದ್ದಾರೆ, ಕಾರ್ಯದರ್ಶಿ ಇನ್ನೂ ಯೋಚಿಸುತ್ತಿದ್ದಾರೆ. ಮುಂದಿನ ಸಮ್ಮೇಳನದ ಆಹ್ವಾನ ಹೊರಡುವುದರೊಳಗೆ ಇದನ್ನು ಮತಕ್ಕೆ ಹಾಕುತ್ತಾರೆ.